ನಾಲ್ಕಿಂಚಿನ ಟೋಪಿ

ಮೇ ತಿಂಗಳ ಒಂದು ರಾತ್ರಿ, ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ತಂಗಿ ಫೋನ್ ಮಾಡಿದಳು. "ಅಣ್ಣಾ, ಒಂದು ಟೋಪಿ ವಿಷಯ ಮಾತಾಡಬೇಕಿತ್ತು" ಅಂದಳು. ಮಲಗಿದ್ದವನು ಎದ್ದು ಕೂತೆ. "ಯಾರು ಹಾಕಿದ್ದು? ಎಷ್ಟಕ್ಕೆ? ಭಾವನಿಗೆ ಗೊತ್ತಾ?" ಎಂದು ಒಂದೇ ಉಸಿರಿಗೆ ಕೇಳಿದೆ. ರಾತ್ರಿ ಹನ್ನೊಂದು ಗಂಟೆಗೆ ಟೋಪಿ ಅಂದರೆ ಕನ್ನಡದವನಿಗೆ ಇನ್ನೇನು ಹೊಳೆಯಬೇಕು? "ಅಯ್ಯೋ, ಆ ಟೋಪಿ ಅಲ್ಲ ಮಾರಾಯ, ತಲೆಗೆ ಹಾಕೋ ಟೋಪಿ. ಇವರ ಆಫೀಸಿನೋರು ಆಸ್ಕಾಟ್ ರೇಸಿಗೆ ಕರೆದಿದ್ದಾರೆ. ಟೋಪಿ ಇಲ್ಲದಿದ್ರೆ ಒಳಗೆ ಬಿಡಲ್ವಂತೆ."

ನಿಟ್ಟುಸಿರು ಬಿಟ್ಟೆ. ಟೋಪಿಗೂ ಕುದುರೆ ರೇಸಿಗೂ ನಮ್ಮಲ್ಲಿ ನಂಟು ಹಳೆಯದೇ, ಕ್ರಮ ಮಾತ್ರ ತಿರುಗುಮುರುಗು. ಬೆಂಗಳೂರಿನ ರೇಸ್‌ಕೋರ್ಸಿಗೆ ಜನ ಬರಿತಲೆಯಲ್ಲಿ ಹೋಗಿ ಸಂಜೆ ಟೋಪಿ ಹಾಕಿಸಿಕೊಂಡು ಬರುತ್ತಾರೆ. ಇಂಗ್ಲಿಷರು ಮನೆಯಲ್ಲೇ ಹಾಕಿಕೊಂಡು ಹೊರಡುತ್ತಾರೆ. ಮುಂದಾಲೋಚನೆಯ ಜನ.

ಆಸ್ಕಾಟ್ ಸುಮ್ಮನೆ ಯಾವುದೋ ಬಯಲಲ್ಲ. 1711ರಲ್ಲಿ ಆನ್ ರಾಣಿ ವಿಂಡ್ಸರ್ ಕಡೆಯಿಂದ ಸವಾರಿ ಹೊರಟವಳು ಈ ಜಾಗ ಕಂಡು, ಕುದುರೆ ಓಡಿಸಲು ತಕ್ಕದ್ದು ಅಂದಳಂತೆ. ಆ ವರ್ಷವೇ ರೇಸೂ ಆಯಿತು. 1825ರಿಂದ ರಾಜಮನೆತನದವರು ಸಾರೋಟಿನಲ್ಲಿ ಮೆರವಣಿಗೆ ಬರುವುದು ಶುರುವಾಯಿತು. ಈಗ ಜೂನ್ ತಿಂಗಳಲ್ಲಿ ಮಂಗಳವಾರದಿಂದ ಶನಿವಾರದ ತನಕ ಐದು ದಿನದ ಜಾತ್ರೆ. ಗುರುವಾರ ಗೋಲ್ಡ್ ಕಪ್, ಅವತ್ತೇ ‘ಲೇಡೀಸ್ ಡೇ’. ದಿನಕ್ಕೆ ಏಳು ಓಟ. ಒಂದು ಕಿಲೋಮೀಟರಿನ ಓಟ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ನಾಲ್ಕು ಕಿಲೋಮೀಟರಿನ ಗೋಲ್ಡ್ ಕಪ್ಪಿಗೂ ನಾಲ್ಕೂವರೆ ನಿಮಿಷ ಸಾಕು. ಎಲ್ಲ ಕೂಡಿದರೂ ಆ ಮಧ್ಯಾಹ್ನ ಕುದುರೆಗಳು ಓಡುವುದು ಕಾಲು ಗಂಟೆಯ ಆಚೀಚೆ. ಮಿಕ್ಕ ನಾಲ್ಕು ಗಂಟೆ ಟೋಪಿಗಳ ಕಾರ್ಯಕ್ರಮ.

ಈ ಟೋಪಿಗೆ ಅಳತೆಯಿದೆ. ರಾಯಲ್ ಎನ್‌ಕ್ಲೋಶರ್ ಎಂಬ ಗರ್ಭಗುಡಿಗೆ ಹೋಗುವ ಹೆಂಗಸರ ತಲೆಯ ಮೇಲಿನ ವಸ್ತುವಿಗೆ ಕನಿಷ್ಠ ನಾಲ್ಕು ಇಂಚು, ಅಂದರೆ 10 ಸೆಂಟಿಮೀಟರ್ ಅಗಲದ ಗಟ್ಟಿ ತಳ ಇರಲೇಬೇಕು. 2012ರಲ್ಲಿ ಬಂದ ಕಟ್ಟಪ್ಪಣೆ ಇದು. ಅದಕ್ಕೂ ಮುಂಚೆ ಫ್ಯಾಸಿನೇಟರ್ ನಡೆಯುತ್ತಿತ್ತು. ಫ್ಯಾಸಿನೇಟರ್ ಅಂದರೆ ಟೋಪಿಯಾಗಲು ಹೊರಟು ಮನಸ್ಸು ಬದಲಾಯಿಸಿದ ವಸ್ತು: ಒಂದು ಕ್ಲಿಪ್ಪು, ಎರಡು ಗರಿ, ಚೂರು ಬಲೆ. ಅದನ್ನು ಗರ್ಭಗುಡಿಯಿಂದ ಆಚೆ ಹಾಕಿದರು. ಉಡುಪಿನ ಭುಜಪಟ್ಟಿ ಒಂದಿಂಚಿಗಿಂತ ಕಿರಿದಾಗುವಂತಿಲ್ಲ. ಅಂಚು ಮಂಡಿಯಿಂದ ತುಸುವೇ ಮೇಲಿದ್ದರೆ ಸರಿ, ಹೆಚ್ಚು ಏರುವಂತಿಲ್ಲ. ಗಂಡಸರಿಗೆ ಕಪ್ಪು, ಬೂದು ಇಲ್ಲವೇ ಕಡುನೀಲಿಯ ಬಾಲದ ಕೋಟು, ವೇಸ್ಟ್‌ಕೋಟು, ಟೈ, ಮೇಲೊಂದು ಕೊಳಗದಂಥ ಟೋಪಿ. ಆ ಟೋಪಿಗೆ ಬಣ್ಣದ ರಿಬ್ಬನ್ ಸುತ್ತಿಕೊಂಡರೆ ಅಪರಾಧ. ಇಂಚುಪಟ್ಟಿ ಹಿಡಿದ ಇಷ್ಟು ಶಿಸ್ತನ್ನು ನಮ್ಮಲ್ಲಿ ರಸ್ತೆಗುಂಡಿಯ ಆಳ ಅಳೆಯಲೂ ಯಾರೂ ತೋರಿಸಿಲ್ಲ.

ತಂಗಿಗೆ ಸಿಕ್ಕಿದ್ದು ಗರ್ಭಗುಡಿಯ ಟಿಕೆಟ್ಟಲ್ಲ, ನವರಂಗದ್ದು. ಅದರ ಹೆಸರು ಕ್ವೀನ್ ಆನ್ ಎನ್‌ಕ್ಲೋಶರ್. ಅಲ್ಲಿ ಫ್ಯಾಸಿನೇಟರ್ ನಡೆಯುತ್ತದೆ. ಅದರಾಚೆಗೆ ವಿಂಡ್ಸರ್ ಎನ್‌ಕ್ಲೋಶರ್ ಎಂಬ ಹೊರಾಂಗಣ. ಅಲ್ಲಿನವರ ತಲೆಯ ಮೇಲೆ ಟೋಪಿ ಇದ್ದರೂ ನಡೆದೀತು, ಇಲ್ಲದಿದ್ದರೂ ನಡೆದೀತು, ಕೇಳುವವರಿಲ್ಲ. ಗರ್ಭಗುಡಿಗೆ ಮಾತ್ರ ದುಡ್ಡೊಂದೇ ಸಾಲದು, ಈಗಾಗಲೇ ಒಳಗಿರುವವರು ಶಿಫಾರಸು ಮಾಡಬೇಕು. ಮಡಿ, ಅರೆಮಡಿ, ಮೈಲಿಗೆ ಎಂಬ ಈ ಏರ್ಪಾಟನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಒಳಗೆ ಹೋಗುವವರು ಅಂಗಿ ಬಿಚ್ಚಬೇಕು, ಅಲ್ಲಿ ಟೋಪಿ ಏರಿಸಬೇಕು, ಅಷ್ಟೇ ವ್ಯತ್ಯಾಸ.

"ಹಾಗಾದರೆ ಒಂದು ಫ್ಯಾಸಿನೇಟರ್ ತಗೊಂಡು ಮುಗಿಸು" ಅಂದೆ.

"ಅದೆಂಗಾಗುತ್ತೆ? ಫ್ಯಾಸಿನೇಟರ್ ಹಾಕಿದರೆ ನಾವು ರಾಯಲ್ ಎನ್‌ಕ್ಲೋಶರ್‌ನವರಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡಲ್ವಾ?"

"ನೀವು ಅಲ್ಲಿಯವರು ಅಲ್ಲವಲ್ಲಮ್ಮಾ."

"ಅದು ಅವರಿಗೆ ಯಾಕೆ ಗೊತ್ತಾಗಬೇಕು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಜುಟ್ಟಿಗೆ ಮಲ್ಲಿಗೆ ಹೂವಿನ ಗಾದೆ ನೆನಪಾಯಿತು, ಆದರೆ ಅಂತರರಾಷ್ಟ್ರೀಯ ಕರೆಯಲ್ಲಿ ಗಾದೆ ಹೇಳಿ ಬೈಸಿಕೊಳ್ಳುವ ಧೈರ್ಯ ಬರಲಿಲ್ಲ.

ಇಷ್ಟಕ್ಕೂ ಈ ಉಡುಪಿನ ಶಾಸ್ತ್ರದ ಮೂಲಪುರುಷ ಯಾರು ಅಂತ ನೋಡಿದರೆ ಬ್ಯೂ ಬ್ರಮ್ಮೆಲ್. ಇನ್ನೂರು ವರ್ಷದ ಹಿಂದಿನ ಶೋಕಿಲಾಲ, ಪಟ್ಟಕ್ಕೆ ಬರುವ ಮುಂಚೆ ನಾಲ್ಕನೇ ಜಾರ್ಜ್ ದೊರೆಗೆ ಖಾಸಾ ಗೆಳೆಯ. ಸಭ್ಯ ಗಂಡಸು ಕಪ್ಪು ಕೋಟು, ಕುತ್ತಿಗೆಗೆ ಬಿಳಿ ಬಟ್ಟೆ, ಉದ್ದ ಷರಾಯಿ ತೊಡಬೇಕು ಎಂದು ವಿಧಿಸಿದ ಕೀರ್ತಿ ಅವನದು. ಆಸ್ಕಾಟಿನ ಗಂಡಸರು ಇವತ್ತಿಗೂ ಅವನ ಮಾತು ಮೀರಿಲ್ಲ. ಈ ಮಹಾನುಭಾವ ಜೂಜಿನಲ್ಲಿ ಸೋತು, 1816ರಲ್ಲಿ ಸಾಲ ಕೊಟ್ಟವರಿಗೆಲ್ಲ ಟೋಪಿ ಹಾಕಿ ರಾತ್ರೋರಾತ್ರಿ ಫ್ರಾನ್ಸಿಗೆ ಪರಾರಿಯಾದ. 1840ರಲ್ಲಿ ಕಾನ್ ಊರಿನ ಹುಚ್ಚಾಸ್ಪತ್ರೆಯಲ್ಲಿ ಸತ್ತ. ರೇಸಿಗೆ ಹೋಗುವವರು ಹೇಗೆ ಹೋಗಬೇಕು ಎಂದು ಹೇಳಿಕೊಟ್ಟವನೇ ರೇಸಿನಿಂದ ಬರುವವರು ಹೇಗೆ ಬರುತ್ತಾರೆ ಎಂಬುದನ್ನೂ ತೋರಿಸಿ ಹೋದ. ಜನ ಮೊದಲನೆಯದನ್ನಷ್ಟೇ ಪಾಲಿಸುತ್ತಿದ್ದಾರೆ, ಎರಡನೆಯದು ತಾನಾಗಿ ಆಗುತ್ತಿದೆ.

ಆ ಕೊಳಗದ ಟೋಪಿಯ ಕಥೆಯೂ ಚೆಂದವಿದೆ. ಒಳ್ಳೆಯ ಟೋಪಿಗೆ ಮಿರಿಮಿರಿ ಮಿಂಚುವ ರೇಷ್ಮೆ ಮಖಮಲ್ಲು ಬೇಕು. ಅದನ್ನು ನೇಯುವುದು ನಿಂತು ದಶಕಗಳೇ ಆದವು. ಆದ್ದರಿಂದ ಸತ್ತುಹೋದ ಅಜ್ಜ ಮುತ್ತಜ್ಜರ ಟೋಪಿಗಳನ್ನೇ ತಿಕ್ಕಿ ತೀಡಿ ಮಾರುತ್ತಾರೆ. ಅಂದಿನವರ ತಲೆ ಸಣ್ಣ, ಇಂದಿನವರದು ದಪ್ಪ. ದೊಡ್ಡ ಅಳತೆಯ ಹಳೆ ಟೋಪಿಗೆ ಸಾವಿರಾರು ಪೌಂಡು. ತಲೆ ದಪ್ಪವಿದ್ದಷ್ಟೂ ಖರ್ಚು ಜಾಸ್ತಿ ಅನ್ನುವುದನ್ನು ನಮ್ಮ ಹಿರಿಯರು ಬೇರೆ ಅರ್ಥದಲ್ಲಿ ಹೇಳುತ್ತಿದ್ದರು.

ತಲೆಯ ಮೇಲಿನದ್ದಷ್ಟೇ ಅಲ್ಲ, ಮನೆಯೊಳಗಿನದ್ದೂ ಇವರಿಗೆ ಬೇಕಿತ್ತು. 1955ರ ತನಕ ವಿಚ್ಛೇದನ ಪಡೆದವರಿಗೆ ರಾಯಲ್ ಎನ್‌ಕ್ಲೋಶರ್‌ಗೆ ಪ್ರವೇಶವೇ ಇರಲಿಲ್ಲ. ಟೋಪಿ ಒಂದಡಿ ಇದ್ದರೂ ಗಂಡ ಬೇರೆಯಾಗಿದ್ದರೆ ಆಚೆ. ಈಗ ಮೆರವಣಿಗೆಯ ಮೊದಲ ಸಾರೋಟಿನಲ್ಲಿ ಬರುವ ಚಾರ್ಲ್ಸ್ ದೊರೆಯೂ ಕಮಿಲಾ ರಾಣಿಯೂ ಇಬ್ಬರೂ ವಿಚ್ಛೇದಿತರೇ. ಹಳೆಯ ನಿಯಮ ಇದ್ದಿದ್ದರೆ ಸಾರೋಟನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಬೇಕಾಗುತ್ತಿತ್ತು. ನಿಯಮವನ್ನು ಸಡಿಲಿಸಿದವರಿಗೆ ದೂರದೃಷ್ಟಿ ಇತ್ತು ಅನ್ನಿ.

2012ರಲ್ಲಿ ನಾಲ್ಕಿಂಚಿನ ನಿಯಮ ಬಂದ ವರ್ಷವೇ ಇನ್ನೊಂದು ತಮಾಷೆ ನಡೆಯಿತು. ಜನವರಿಯಲ್ಲಿ ಆಸ್ಕಾಟಿನಲ್ಲೇ ನಡೆದ ಬೇರೊಂದು ರೇಸಿನಲ್ಲಿ ಉಡುಪಿನ ನಿಯಮ ತಪ್ಪಿದವರ ಎದೆಗೆ ಕಿತ್ತಳೆ ಬಣ್ಣದ ಸ್ಟಿಕ್ಕರ್ ಅಂಟಿಸಿದರು, ಸಂತೆಯಲ್ಲಿ ಎತ್ತಿಗೆ ಗುರುತು ಹಾಕಿದ ಹಾಗೆ. ಗಲಾಟೆಯಾದ ಮೇಲೆ ಕ್ಷಮೆ ಕೇಳಿ ಕೈಬಿಟ್ಟರು. ಜೂನಿನ ಜಾತ್ರೆಗೆ, ಟೈ ಮರೆತವರಿಗೆ ಟೈ, ಭುಜ ಬಿಟ್ಟವರಿಗೆ ಶಾಲು ಕೊಡಲು ಬಾಗಿಲಲ್ಲೇ ಸಹಾಯಕರನ್ನೂ ನಿಲ್ಲಿಸಿದ್ದರು. ಓಡುವ ಕುದುರೆಗೂ ಬೆನ್ನಿಗೆ ನಂಬರು, ನೋಡುವವರಿಗೂ ಎದೆಗೆ ಸ್ಟಿಕ್ಕರು. ಯಾರ ಮೇಲೆ ಯಾರು ಬಾಜಿ ಕಟ್ಟುತ್ತಿದ್ದಾರೆಂಬ ಗೊಂದಲವಾದರೆ ಕುದುರೆಯದೇನು ತಪ್ಪು? ಎಲಿಜಬೆತ್ ರಾಣಿ ಬದುಕಿದ್ದ ಕಾಲದಲ್ಲಿ ಬುಕ್ಕಿಗಳು ಆಕೆಯ ಟೋಪಿಯ ಬಣ್ಣದ ಮೇಲೆಯೇ ಬಾಜಿ ತೆಗೆದುಕೊಳ್ಳುತ್ತಿದ್ದರು. ಇವತ್ತು ನೀಲಿಯೋ ಹಳದಿಯೋ ಎಂದು ದುಡ್ಡು ಕಟ್ಟಿದವನಿಗೆ ಆ ಮೇಲೆ ಕುದುರೆ ನೋಡುವ ಅಗತ್ಯವೇ ಇರಲಿಲ್ಲ.

ಸೂರ್ಯನೂ ಅಲ್ಲಿ ಅಪ್ಪಣೆ ಕೇಳಬೇಕು. 2022ರ ಜೂನಿನ ಒಂದು ಶುಕ್ರವಾರ ಬಿಸಿಲು ಕಾದು ಜನ ಬೆಂದುಹೋದರು. ಟೋಪಿ, ಕೋಟು ತೆಗೆಯಬಹುದೆಂದು ಆಡಳಿತದವರು ಕೃಪೆ ತೋರಿದರು, ಆದರೆ ರಾಜಮನೆತನದ ಮೆರವಣಿಗೆ ಮುಗಿದ ಮೇಲೆ ಮಾತ್ರ. ಅಲ್ಲಿಯವರೆಗೆ ಬೆವರುವುದು ಶಿಷ್ಟಾಚಾರ.

ನಾಲ್ಕಿಂಚಿಗೆ ಆಸ್ಟ್ರೇಲಿಯಾದಲ್ಲೂ ಒಂದು ಚರಿತ್ರೆಯಿದೆ. ಮೆಲ್ಬರ್ನ್‌ನ ಫ್ಲೆಮಿಂಗ್ಟನ್ ಮೈದಾನದಲ್ಲಿ ಹೆಂಗಸರ ಉಡುಪಿನ ಸ್ಪರ್ಧೆಯ ತೀರ್ಪುಗಾರ್ತಿಯಾಗಿ 1965ರಲ್ಲಿ ಜೀನ್ ಶ್ರಿಂಪ್ಟನ್ ಎಂಬ ಇಂಗ್ಲಿಷ್ ಮಾಡೆಲ್‌ಳನ್ನು ಕರೆಸಿದ್ದರು. ಆಕೆ ಡರ್ಬಿ ದಿನ ಬಂದದ್ದು ಟೋಪಿ ಇಲ್ಲದೆ, ಕೈಗವಸು ಇಲ್ಲದೆ, ಕಾಲುಚೀಲ ಇಲ್ಲದೆ. ಬಿಳಿ ಫ್ರಾಕಿನ ಅಂಚು ಮಂಡಿಯಿಂದ ಸುಮಾರು ನಾಲ್ಕಿಂಚು ಮೇಲೆ. ಬಟ್ಟೆ ಸಾಲದೆ ಬಂದಿತ್ತು, ಇದ್ದಷ್ಟರಲ್ಲಿ ಹೊಲಿಸಿಕೊಂಡಿದ್ದಳು. ಊರಿಗೆ ಊರೇ ಬೆಚ್ಚಿಬಿದ್ದಿತು. ಮೂರು ದಿನ ಬಿಟ್ಟು ಮೆಲ್ಬರ್ನ್ ಕಪ್ ಓಟದ ದಿನಕ್ಕೆ ಟೋಪಿ, ಕೈಗವಸು, ಕಾಲುಚೀಲ ಸಮೇತ ಮೈತುಂಬ ತೊಟ್ಟು ಬಂದಳು. ಆದರೇನು, ಜಗತ್ತು ನೆನಪಿಟ್ಟುಕೊಂಡದ್ದು ಮೊದಲ ದಿನದ ಮಂಡಿಯನ್ನೇ. ಮಂಡಿಯ ಮೇಲೆ ನಾಲ್ಕಿಂಚು ಹೋದರೆ ಮಾನ ಹೋಯಿತು, ತಲೆಯ ಮೇಲೆ ನಾಲ್ಕಿಂಚು ಬಂದರೆ ಮಾನ ಬಂತು. ಮರ್ಯಾದೆ ಎಂಬುದು ದೇಹದ ಮೇಲೆ ಎಲ್ಲಿ ಕೂತಿರುತ್ತದೆ ಎಂದು ಹುಡುಕುವವರು ಇಂಚುಪಟ್ಟಿ ಜೊತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈ ಇಡೀ ವ್ಯವಹಾರವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವರು ಗರ್ಟ್ರೂಡ್ ಶಿಲ್ಲಿಂಗ್ ಎಂಬ ಮಹಾತಾಯಿ ಒಬ್ಬರೇ. ದಶಕಗಳ ಕಾಲ, ಮಗ ಡೇವಿಡ್ ಮಾಡಿಕೊಟ್ಟ ಟೋಪಿಗಳನ್ನು ಹೊತ್ತು ಆಸ್ಕಾಟಿಗೆ ಬರುತ್ತಿದ್ದರು. ಒಂದು ವರ್ಷ ಬಾಣ ನೆಟ್ಟ ಸೇಬು, ಇನ್ನೊಂದು ವರ್ಷ ಗುರಿ ಹೊಡೆಯುವ ಹಲಗೆ, ಮತ್ತೊಂದು ವರ್ಷ ಜಿರಾಫೆ. ತಲೆಗೆ ಅಷ್ಟು ಪ್ರಾಮುಖ್ಯ ಕೊಟ್ಟಿದ್ದೀರಾ, ತಗೊಳ್ಳಿ, ಅನ್ನುವ ಹಾಗೆ. ನನಗೇನೋ ಆ ಜಾತ್ರೆಯಲ್ಲಿ ಬುದ್ಧಿ ನೆಟ್ಟಗಿದ್ದ ತಲೆ ಅದೊಂದೇ ಅನ್ನಿಸುತ್ತದೆ.

ತಂಗಿ ಮತ್ತೆ ಫೋನ್ ಮಾಡಿದಳು. ಬೇರೆ ದೇಶದವರು ತಮ್ಮ ರಾಷ್ಟ್ರೀಯ ಉಡುಪಿನಲ್ಲಿ ಬರಬಹುದೆಂದು ನಿಯಮದಲ್ಲೇ ಇದೆ, 2022ರ ಲೇಡೀಸ್ ಡೇಗೆ ಭಾರತೀಯ ಮೂಲದ ನೂರಾರು ಹೆಂಗಸರು ಸೀರೆಯುಟ್ಟೇ ಹೋಗಿದ್ದರು ಎಂದು ಯಾರೋ ಹೇಳಿದರಂತೆ. ನನಗೆ ಹುರುಪು ಬಂತು. "ಮೊಳಕಾಲ್ಮೂರು ಸೀರೆ ಉಡು, ಎರಡು ಮೊಳ ಮಲ್ಲಿಗೆ ಮುಡಿ. ಅವರ ಲೆಕ್ಕ ಇಂಚಿನಲ್ಲಿ, ನಮ್ಮದು ಮೊಳದಲ್ಲಿ. ಯಾವ ಎನ್‌ಕ್ಲೋಶರ್‌ನವರು ಏನು ಅನ್ನುತ್ತಾರೋ ನೋಡೋಣ. ಭಾವನಿಗೆ ಬೇಕಾದರೆ ನನ್ನ ಸನ್ಮಾನದ ಪೇಟ ಕಳಿಸುತ್ತೇನೆ, ಬೀರುವಿನ ಮೇಲೆ ನಾಲ್ಕಿವೆ." ಸಭೆಗಳಲ್ಲಿ ತೊಡಿಸುವ ಆ ಸಿದ್ಧ ಮೈಸೂರು ಪೇಟ ಯಾರ ತಲೆಗೂ ಸರಿಯಾಗಿ ಕೂತ ದಾಖಲೆ ಇಲ್ಲ. ಒಂದೋ ಕಣ್ಣಿನ ಮೇಲೆ ಜಾರುತ್ತದೆ, ಇಲ್ಲವೇ ನೆತ್ತಿಯ ಮೇಲೆ ಕಾಗೆಗೂಡಿನ ಹಾಗೆ ನಿಲ್ಲುತ್ತದೆ. ಆದರೂ ತಳ ನಾಲ್ಕಿಂಚಿಗೆ ಮೋಸವಿಲ್ಲ.

"ಪೇಟ ಬೇಡವಂತೆ, ಸೂಟಿದೆ. ಗಂಡಸರು ಕಾಲುಚೀಲ ಹಾಕಲೇಬೇಕಂತೆ, ಪಾದದ ಗಂಟು ಕಾಣಬಾರದಂತೆ, ಇವರು ಅದನ್ನೇ ಹುಡುಕುತ್ತಿದ್ದಾರೆ. ನಾನು ಸೀರೆನೇ ಉಡ್ತೀನಿ. ಆದರೆ ಟೋಪಿನೂ ಬಾಡಿಗೆಗೆ ಹೇಳಿಬಿಟ್ಟಿದ್ದೀನಿ ಅಣ್ಣಾ" ಅಂದಳು.

ಜೂನ್ ಮೂರನೇ ವಾರ ಮನೆಯ ವಾಟ್ಸಾಪ್ ಗುಂಪಿಗೆ ನಲವತ್ತೇಳು ಫೋಟೋ ಬಂದವು. ಮೊಳಕಾಲ್ಮೂರು ಸೀರೆ, ಅದರ ಮೇಲೆ ಗಿಳಿಹಸಿರು ಬಣ್ಣದ ಮೊರದಗಲ ಟೋಪಿ. ಸೆರಗು ಒಂದು ದಿಕ್ಕಿಗೆ ಹಾರಿದರೆ ಗರಿ ಇನ್ನೊಂದು ದಿಕ್ಕಿಗೆ. ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಆಮೇಲೆ ತಂಗಿಗೇ ಫೋನ್ ಹಚ್ಚಿಸಿದಳು.

"ಯಾರ ಮನೆ ಮದುವೆನೇ ಅದು?"

"ಮದುವೆ ಅಲ್ಲಮ್ಮಾ, ಕುದುರೆ ರೇಸು."

"ಮತ್ತೆ ಕುದುರೆ ಎಲ್ಲಿ?"

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಮುಂದಿನ ಸಾಲಿನವಳ ಟೋಪಿ ಅಡ್ಡ ಇತ್ತಮ್ಮಾ... ಇರು, ಇಪ್ಪತ್ತಮೂರನೇ ಫೋಟೋ ತೆಗಿ. ಎಡಗಡೆ ಮೂಲೆಯಲ್ಲಿ ಬಾಲ ಕಾಣ್ಸುತ್ತೆ."

ಅಮ್ಮ ಇಪ್ಪತ್ತಮೂರನೆಯದನ್ನು ತೆಗೆದಳು, ಎಡಗಡೆ ಮೂಲೆಯನ್ನು ಹಿಗ್ಗಿಸಿದಳು, ಕಣ್ಣು ಕಿರಿದು ಮಾಡಿ ನೋಡಿದಳು. ಅದೂ ಯಾರದೋ ಟೋಪಿಯ ಗರಿ.