ಗಿಡ ಬೋಳಿಸಿದ್ರ ಬಿರುಗಾಳಿ ತಡೀತದೇನ್ರಿ?

ಇವತ್ತ ಮುಂಜಾನಿ ಕಲಬುರಗಿ ರಿಂಗ್ ರೋಡ್ ಮಗ್ಗಲಿನ ಓಣ್ಯಾಗ ಐದು ಬೇವಿನ ಗಿಡ ನೋಡಿ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಯ್ತು. ಐದಕ್ಕೂ ತಲಿ ಇಲ್ಲ. ಬರೀ ಬೊಡ್ಡಿ, ಅದರ ಮ್ಯಾಲ ಕೈ ಕಡಿದಂಗ ನಾಕ್ನಾಕು ಮೋಟು. ಕೇಳಿದ್ರ "ಅಡ್ಡಮಳಿ ಗಾಳಿ ಬರ್ತದಲ್ರಿ, ಮುಂಚೇನೇ ತಯಾರಿ" ಅಂದ್ರು. ನೆತ್ತಿ ಸುಡೋ ಮೇ ತಿಂಗಳದಾಗ, ನೆರಳೇ ಜೀವ ಆಗಿರೋ ಊರಾಗ!

ಇದು ತಯಾರಿ ಅಲ್ರಿ. ಇನ್ನ ಮೂರ್ನಾಕು ವರ್ಷಕ್ಕ ಮುರಿದು ಬೀಳೋ ಟೊಂಗಿಗಳನ್ನ ಇವತ್ತೇ ಬಿತ್ತಿದಂಗ. ತಲಿ ಕಡಿದ ಗಿಡ ಜೀವ ಉಳಿಸಿಕೊಳ್ಳಾಕ ಮೋಟಿನ ಸುತ್ತ ಹತ್ತಾರು ಚಿಗುರು ಒಗೀತದ. ಹುಟ್ಟು ಟೊಂಗಿ ಬೊಡ್ಡಿ ಒಳಗ ಬೆಸಕೊಂಡಿರ್ತದ, ಈ ಚಿಗುರು ತೊಗಟಿ ಹತ್ರ ಅಂಟಿಕೊಂಡಿರ್ತಾವ ಅಷ್ಟೇ. ನೋಡ್ತಾ ನೋಡ್ತಾ ತೋಳಿನ ಗಾತ್ರ ಬೆಳೀತಾವ, ಕೆಳಗ ಮೋಟು ಕೊಳೀತಾ ಇರ್ತದ. ಗಾಳಿ ವೇಗ 40 ಕಿ.ಮೀ. ಇದ್ದದ್ದು 80 ಆದ್ರ ಗಿಡದ ಮ್ಯಾಲಿನ ಒತ್ತಡ ಎರಡು ಪಟ್ಟಲ್ಲ, ನಾಕು ಪಟ್ಟು ಆಗ್ತದ. ಅಂಟಿಕೊಂಡದ್ದು ಎಷ್ಟೊತ್ತು ತಡೀತದ?

ಕಡಿಯೋದು ಬ್ಯಾಡ ಅನ್ನಂಗಿಲ್ಲ ನಾ. ಕಡಿಯೋ ರೀತಿ ಅದ. ದಪ್ಪ ಟೊಂಗಿಗಿ ಮೂರು ಕೊಯ್ತ ಬೇಕು. ಮೊದಲ್ನೇದು ಬೊಡ್ಡಿಯಿಂದ ಒಂದು ಫೂಟು ಆಚೆ, ಕೆಳಗಿಂದ ಮ್ಯಾಲಕ್ಕ, ದಪ್ಪದ ಕಾಲು ಭಾಗದಷ್ಟು. ಎರಡನೇದು ಅಲ್ಲಿಂದ ಎರಡು ಇಂಚು ಹೊರಗ, ಮ್ಯಾಲಿಂದ ಪೂರಾ. ಭಾರ ಅಲ್ಲಿಗೆ ಬಿದ್ದು ಹೋಗ್ತದ. ಮೂರನೇದು ಉಳಿದ ಮೋಟು ತೆಗಿಯೋದು. ಟೊಂಗಿ ಬುಡದಾಗ ಬಳಿ ತೊಟ್ಟಂಗ ಉಬ್ಬು ಇರ್ತದ ನೋಡ್ರಿ, ಅದರ ಹೊರಗಿನ ಅಂಚಿಗಿ ಕೊಯ್ಯಬೇಕು. ಉಬ್ಬು ಕೊಯ್ದ್ರ ಗಾಯ ಮಾಯಂಗಿಲ್ಲ, ಮೋಟು ಬಿಟ್ರ ಕೊಳೀತದ. ಆ ಕೆಳಗಿನ ಮೊದಲ ಕೊಯ್ತ ತಪ್ಪಿಸಿದ್ರೋ, ಟೊಂಗಿ ಬೀಳುವಾಗ ಬೊಡ್ಡಿ ತೊಗಟಿ ಗೇಣುದ್ದ ಸುಲಕೊಂಡೇ ಬೀಳ್ತದ. ಆಮ್ಯಾಲ ಡಾಂಬರು, ಪೇಂಟು ಬಳಿದ್ರ ಏನೂ ಆಗಂಗಿಲ್ಲ. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶಿಗೊ ಸಾವಿರಾರು ಗಿಡ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಬಳಿದದ್ದು ಕೊಳಿ ತಡಿಯಂಗಿಲ್ಲ, ಗಿಡ ತಾನೇ ಒಳಗ ಗೋಡಿ ಕಟ್ಟಿಕೊಂತದ.

ಒಂದು ಸಲಕ್ಕ ಎಲಿಯ ಕಾಲು ಭಾಗಕ್ಕಿಂತ ಹೆಚ್ಚು ತೆಗೀಬಾರದು. ಒಣಗಿದ್ದು, ಒಂದಕ್ಕೊಂದು ತಿಕ್ಕೋದು, ಸೀಳಿದ್ದು ಮೊದಲ. ಉದ್ದ ಟೊಂಗಿ ಗಿಡ್ಡ ಮಾಡಬೇಕಾದ್ರ ಪಕ್ಕದ ಟೊಂಗಿ ಹುಟ್ಟಿರೋ ಜಾಗಕ್ಕ ತಂದು ನಿಲ್ಲಸ್ರಿ. ಆ ಪಕ್ಕದ್ದು ದೊಡ್ಡದರ ದಪ್ಪದ ಮೂರನೇ ಒಂದು ಪಾಲಾದ್ರೂ ಇರಬೇಕು. ಒಳಗಿಂದೆಲ್ಲಾ ಸವರಿ ತುದಿಗಿ ಮಾತ್ರ ಕುಚ್ಚು ಬಿಡೋದು ಇನ್ನೊಂದು ಕೆಟ್ಟ ಚಾಳಿ, ಭಾರ ಎಲ್ಲಾ ತುದಿಗೇ ಸೇರ್ತದ. ಈ ಕೆಲಸಕ್ಕ ಡಿಸೆಂಬರ್, ಜನವರಿ ಛಲೋ. ಮೇದಾಗ ಕಡಿದ್ರ ನೆರಳಿನಾಗ ಇದ್ದ ತೊಗಟಿ ಬಿಸಲಿಗಿ ಸುಟ್ಟು ಬಿರೀತದ.

"ವೈರ್ ಮ್ಯಾಲ ಬಿದ್ರ ಯಾರು ಹೊಣಿ?" ಅಂತ ಕೇಳ್ತಾರ. ವೈರಿಗಿ ತಾಗೋದು ತೆಗೀಲೇಬೇಕು, ಖರೆ. ಆದ್ರ ವೈರ್ ಕಡಿ ಹೋಗೋ ಟೊಂಗಿಯನ್ನ ಬುಡದಿಂದ ತೆಗೆದು, ಬ್ಯಾರೆ ಕಡಿ ಬೆಳೆಯೋದನ್ನ ಬಿಟ್ರ ಗಿಡ ತಾನೇ ಆಚೆ ತಿರುಗ್ತದ. ಬೋಳಿಸಿದ್ರ ಮುಂದಿನ ವರ್ಷನೇ ಚಿಗುರು ನೆಟ್ಟಗ ವೈರಿಗೇ ಏರ್ತಾವ, ಮತ್ತ ಏಣಿ, ಮತ್ತ ಕೂಲಿ. ಹಿಂಗ ಆರಿಸಿ ಕಡಿಯಾಕ ಟೈಮ್ ಇಲ್ಲ ಅನ್ನೋದು ನಾ ಒಪ್ಪಂಗಿಲ್ಲ.

ಬೋಳಿಸೋರು ಮ್ಯಾಲ ನೋಡ್ತಾರ, ಬುಡ ಒಬ್ಬರೂ ನೋಡಂಗಿಲ್ಲ. ನಮ್ಮದು ಎರಿ ಮಣ್ಣು. ಬೇಸಿಗ್ಯಾಗ ಕೈ ಹೋಗುವಂಗ ಬಿರಿದು ಸಣ್ಣ ಬೇರು ಹರೀತಾವ, ಮಳಿಗಿ ಉಬ್ಬಿ ಮೆತ್ತಗ ಆಗ್ತದ. ಹೆಚ್ಚಿನ ಬೇರು ಮ್ಯಾಲಿನ ಎರಡು ಫೂಟಿನಾಗೇ ಇರ್ತಾವ. ಒಂದು ಮಗ್ಗಲಿಗಿ ಚರಂಡಿ ಅಗದು ಬೇರು ಕಡೀತೀವಿ, ಇನ್ನೊಂದು ಮಗ್ಗಲಿಗಿ ಬೊಡ್ಡಿ ಮಟ ಸಿಮೆಂಟ್ ಹಾಕ್ತೀವಿ. ದಿಲ್ಲ್ಯಾಗ ಗಿಡದ ಸುತ್ತ ಒಂದು ಮೀಟರ್ ಸಿಮೆಂಟ್ ತೆಗೀರಿ ಅಂತ ಹಸಿರು ನ್ಯಾಯಮಂಡಳಿ 2013ರಾಗೇ ಆದೇಶ ಮಾಡ್ಯದ. ಸಮುದ್ರ ದೂರ ಅದ, ಅಲ್ಲಿನ ಗಾಳಿ-ಮಳಿ ಇಲ್ಲಿಗಿ ಬರಂಗಿಲ್ಲ ಅಂತ ನಾವು ಸುಮ್ಮನ ಕೂಡಂಗಿಲ್ಲ. 2020ರ ಅಕ್ಟೋಬರ್ 13ಕ್ಕ ಕಾಕಿನಾಡ ಹತ್ರ ದಡ ದಾಟಿದ ವಾಯುಭಾರ ಕುಸಿತ ತೆಲಂಗಾಣದ ಮ್ಯಾಲಿಂದ ಇಲ್ಲಿ ತನಕ ಬಂತು. ಭೀಮಾ ಉಕ್ಕಿದ್ದು ಎಲ್ಲರಿಗೂ ಗೊತ್ತದ. ನೆಲ ಹಂಗ ನೆಂದಾಗ ಗಿಡ ಕೆಡವಾಕ ದೊಡ್ಡ ಗಾಳಿ ಬೇಕಾಗಿಲ್ಲ.

ಹಂಗಾಗಿ ಗಾಳಿಗಿಂತ ಮೊದಲ ಬುಡ ನೋಡ್ರಿ. ನೆಲ ಒಂದು ಕಡಿ ಎದ್ದು ಬಿರಿದದೇನು, ಅಣಬಿ ಎದ್ದಾವೇನು, ಎರಡು ದಪ್ಪ ಕವಲಿನ ನಡುವ ತೊಗಟಿ ಸಿಕ್ಕೊಂಡದೇನು. ಪೊಳ್ಳು ಬೊಡ್ಡಿ ಎಲ್ಲಾ ಕೆಡವೋದಲ್ಲ. 60 ಸೆಂ.ಮೀ. ಅಡ್ಡಗಲದ ಬೊಡ್ಡ್ಯಾಗ ಸುತ್ತಲೂ 10 ಸೆಂ.ಮೀ. ಗಟ್ಟಿ ಕಟ್ಟಿಗಿ ಉಳಿದಿದ್ರ ಅದು ಬಹಳ ಮಟ್ಟಿಗಿ ತಡೀತದ.

ಗಿಡ ಬಿದ್ದ ಮ್ಯಾಲ ಓಣಿ ಹುಡುಗರು ಕೊಡಲಿ ಹಿಡಕೊಂಡು ಓಡ್ತಾರ. ಬ್ಯಾಡ್ರಪ್ಪಾ. ವೈರ್ ಸಿಕ್ಕೊಂಡಿದ್ರ 10 ಮೀಟರ್ ದೂರ ನಿಂತು ಕರೆಂಟಿನ ಸಹಾಯವಾಣಿ 1912ಕ್ಕ ಫೋನ್ ಹಚ್ಚರಿ. ಓಣ್ಯಾಗ ಕರೆಂಟ್ ಹೋಗಿದ್ರೂ ಯಾರದೋ ಮನಿ ಜನರೇಟರ್‌ದಿಂದ ವೈರಿಗಿ ತಿರುಗಿ ಕರೆಂಟ್ ಬರಬಹುದು, ಲೈನ್‌ಮನ್ ಬಂದು ಅರ್ಥಿಂಗ್ ಮಾಡೋ ತನಕ ಮುಟ್ಟಬ್ಯಾಡ್ರಿ. ಮ್ಯಾಲ ಮುರಿದು ನೇತಾಡೋ ಟೊಂಗಿ ಇದ್ರ ಅದರ ಕೆಳಗ ಯಾರೂ ಹೋಗಬಾರದು. ಬೇರು ಸಮೇತ ಬಿದ್ದ ಗಿಡದ ಬೊಡ್ಡಿ ಕೊಯ್ದ್ರ ಬೇರಿನ ಗಡ್ಡಿ ಧಪ್ಪಂತ ವಾಪಸ್ ಕೂಡ್ತದ, ಆ ತೆಗ್ಗಿನಾಗ ಒಬ್ಬರೂ ಇಳೀಬಾರದು. ಬಾಗಿ ಬಿಗಿದ ಟೊಂಗಿಗಿ ಮೊದಲ ಒಳಬಾಗಿನ ಕಡಿ ಸ್ವಲ್ಪ ಕೊಯ್ದು, ಆಮ್ಯಾಲ ಹೊರಬಾಗಿನ ಕಡಿಯಿಂದ ನಿಧಾನ. ನೀವು ಅದು ಚಿಮ್ಮೋ ದಾರ್‍ಯಾಗ ನಿಲ್ಲಬ್ಯಾಡ್ರಿ. ಚೈನ್ ಮಷೀನಿನ ಮೂತಿಯ ಮ್ಯಾಲಿನ ಭಾಗ ಕಟ್ಟಿಗಿಗಿ ತಾಗಿದ್ರ ಮಷೀನ್ ಮಾರಿಗೇ ಎಗರ್ತದ. ಹತ್ತೋ ಹಗ್ಗ ಬ್ಯಾರೆ, ಟೊಂಗಿ ಇಳಸೋ ಹಗ್ಗ ಬ್ಯಾರೆ. ಹೆಲ್ಮೆಟ್ ಇಲ್ಲದ ಕೂಲಿ ಹುಡುಗನ್ನ ನೆಂದ ಬೊಡ್ಡಿ ಹತ್ತಸೋರನ್ನ ಕಂಡ್ರ ಅಲ್ಲೇ ತಡೀರಿ.

10 ಸೆಂ.ಮೀ.ಗಿಂತ ಸಣ್ಣ ಬೊಡ್ಡಿ ಇರೋ ಗಿಡ ವಾಲಿದ್ರ ಕಡೀಬ್ಯಾಡ್ರಿ. ಬೇರಿಗಿ ಒದ್ದಿ ಗೋಣಿ ಚೀಲ ಮುಚ್ಚಿ, ಒಂದೆರಡು ದಿನದಾಗ ಎಬ್ಬಿಸಿ, ಮೂರು ಗೂಟಕ್ಕ ಅಗಲ ಬಟ್ಟಿಯಿಂದ ಸಡಿಲ ಕಟ್ಟರಿ. ವರ್ಷ ಆದ ಮ್ಯಾಲ ಬಿಚ್ಚರಿ.

ಆ ಐದು ಬೇವು ಇನ್ನೂ ಸತ್ತಿಲ್ಲ. ಓಣಿಯವರಿಗಿ ಕೈ ಮುಗಿದು ಕೇಳ್ತೀನಿ, ಎರಡು ವರ್ಷ ಚಿಗುರು ಮುಟ್ಟಬ್ಯಾಡ್ರಿ, ಬುಡದ ಸಿಮೆಂಟ್ ಒಡದು ನೀರು ಹಾಕ್ರಿ. ಆಮ್ಯಾಲ ಒಂದು ಡಿಸೆಂಬರ್‌ದಾಗ ಮೋಟಿಗಿ ಗಟ್ಟಿ ಇರೋ ಎರಡು ಚಿಗುರು ಆರಿಸಿ, ಉಳಿದದ್ದನ್ನ ವರ್ಷಕ್ಕಿಷ್ಟು ಅಂತ ತೆಗೀರಿ. ಗರಗಸ ಹಿಡಿಯೋರಿಗಿ ಅಂದು ಈ ಪೋಸ್ಟ್ ಓದಿ ಹೇಳ್ರಿ.