ಕಾಫಿಗೆ ರೇಟು ಹೇಳುವ ಕಷ್ಟ

ನಮ್ಮಮ್ಮನ ಮನೆಯಲ್ಲಿ ಕಾಫಿಗೆ ರೇಟು ಅಂತ ಒಂದು ಇರಲೇ ಇಲ್ಲ. ಬಂದವರನ್ನು "ಕಾಫಿ ಕುಡೀತೀರಾ?" ಎಂದು ಕೇಳುವುದೇ ಅಮ್ಮನ ಪ್ರಕಾರ ಮರ್ಯಾದೆಗೆಟ್ಟ ಕೆಲಸ. ಕೇಳಬಾರದು, ಸುಮ್ಮನೆ ತಂದಿಡಬೇಕು. ಅಂಥ ಮನೆಯ ಹುಡುಗಿ ಮುಂದೆ ಮೈಸೂರಿನಲ್ಲಿ ಕಾಫಿಪುಡಿ ಮಾರಲು ಕೂತರೆ ಏನಾಗಬೇಕು? ಹುರಿಯುವುದು ಬಂತು, ಬೀಸುವುದು ಬಂತು. "ಕಾಲು ಕೆಜಿಗೆ ಇಷ್ಟು" ಎಂದು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ಆರು ತಿಂಗಳು ಹಿಡಿಯಿತು.

ಎಲ್ಲ ಶುರುವಾಗಿದ್ದು ಒಂದು ಬಾಣಲೆಯಿಂದ. ಸಕಲೇಶಪುರದ ಕಡೆ ಸೋದರಮಾವನದ್ದೊಂದು ಸಣ್ಣ ತೋಟ ಇದೆ. ಒಂದು ಸಲ ಬರುವಾಗ ಅಕ್ಕಿ ಚೀಲದಲ್ಲಿ 5 ಕೆಜಿ ಹಸಿ ಬೀಜ ತಂದು ಅಡುಗೆಮನೆ ಮೂಲೆಯಲ್ಲಿಟ್ಟರು. ಹಸಿ ಬೀಜ ನೋಡಿದವರಿಗೆ ಗೊತ್ತು, ಅದರಲ್ಲಿ ಕಾಫಿಯ ಸುಳಿವೇ ಇರುವುದಿಲ್ಲ. ಮಾಸಲು ಹಸಿರು ಬಣ್ಣ, ಒಣಹುಲ್ಲಿನ ವಾಸನೆ. ಬಿಸಿ ತಾಗಿದ ಮೇಲೆ ಹಳದಿಯಾಗುತ್ತದೆ, ಬ್ರೆಡ್ಡು ಸುಟ್ಟ ವಾಸನೆ ಬರುತ್ತದೆ, ತೆಳು ಸಿಪ್ಪೆ ಹಾರಿ ಒಲೆ ತುಂಬಾ ಚೆಲ್ಲುತ್ತದೆ. ಆಮೇಲೆ ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟ್, ಚಟ್. ಅಲ್ಲಿಂದ ಮುಂದೆ ಕಣ್ಣು ಆಚೀಚೆ ಹೋಗುವ ಹಾಗಿಲ್ಲ. ನಾನು ಹೋದೆ. ಹಾಲು ಉಕ್ಕಿತು ಅಂತ ತಿರುಗಿದ್ದಷ್ಟೇ, ಇತ್ತ ಬೀಜ ಇದ್ದಿಲಾಗಿತ್ತು. ಹೊಗೆ ನೋಡಿ ಎದುರುಮನೆ ಆಂಟಿ ಬಕೆಟ್ ನೀರು ಹಿಡಿದುಕೊಂಡೇ ಓಡಿಬಂದರು.

ಎರಡನೆಯ ಸಲ ಸರಿಯಾಗಿ ಬಂತು. ಮೊರಕ್ಕೆ ಸುರಿದು, ಬೀಸಣಿಗೆಯಲ್ಲಿ ಗಾಳಿ ಹಾಕಿ ಆರಿಸಿ, ಮಾರನೇ ದಿನ ಪುಡಿ ಮಾಡಿ ಫಿಲ್ಟರಿಗೆ ಹಾಕಿದೆ. ಆ ಡಿಕಾಕ್ಷನ್ ಇಳಿಯುವಾಗ ಬಂದ ಪರಿಮಳ ಇದೆಯಲ್ಲ, ಅದೇ ನನ್ನನ್ನು ಕೆಡಿಸಿದ್ದು.

ಮೂರು ವರ್ಷ ಸುಮ್ನೆ ಹಂಚಿದೆ. ನಾದಿನಿಗೆ, ಭಾವನಿಗೆ, ಮಗಳ ಟೀಚರಿಗೆ. "ಇದೇನು ಸಂತರ್ಪಣೆನಾ?" ಎಂದು ನಮ್ಮವರು ಒಂದು ದಿನ ಕಾಗದ ಪೆನ್ನು ಹಿಡಿದು ಕೂತರು. 1 ಕೆಜಿ ಹಸಿ ಬೀಜ ಹುರಿದರೆ ಉಳಿಯುವುದು ಸುಮಾರು 850 ಗ್ರಾಂ. ಮಿಕ್ಕಿದ್ದು ನೀರಾವಿ, ಹೊಗೆ, ಸಿಪ್ಪೆ. ಅಂದರೆ ಬೀದಿಯವರು ವಾಸನೆ ಕುಡಿದದ್ದಕ್ಕೂ ನಾವೇ ದುಡ್ಡು ಕೊಟ್ಟಿದ್ದೆವು.

ಸೋದರಮಾವನಿಗೆ ಮಾತ್ರ ಈ ಮಾರುವ ವಿಚಾರ ಬಹಳ ಹಿಡಿಸಿತು. ಅವರ ಪ್ರಾಯದಲ್ಲಿ ಬೆಳೆಗಾರ ಮನೆಖರ್ಚಿಗೆ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ, ಎಲ್ಲರ ಬೆಳೆಯನ್ನೂ ಒಟ್ಟು ಸೇರಿಸಿ ಮಾರುತ್ತಿದ್ದ ಸರ್ಕಾರಿ ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ಆ ಕಟ್ಟು ಪೂರ್ತಿ ಬಿಚ್ಚಿದ್ದು 1996ರಲ್ಲಿ. "ನಮ್ಮ ಬೀಜ ನಾವೇ ಮಾರೋ ಕಾಲ ಬಂತಲ್ಲ, ನೀನ್ಯಾಕೆ ನಾಚ್ಕೋತೀಯ?" ಎಂದರು.

ಅಂತೂ 1 ಕೆಜಿ ಹಿಡಿಯುವ ಹಳೇ ಹುರಿಯುವ ಮೆಷಿನ್ ಬಂತು, ಆಹಾರ ಮಾರಲು ಬೇಕಾದ ಎಫ್ಎಸ್ಎಸ್ಎಐ ನೋಂದಣಿ ಆಯಿತು. ಮೊದಲ ಹತ್ತು ಪ್ಯಾಕೆಟ್ಟಿಗೆ ಹುರಿದ ದಿನವೇ ಇಡೀ ಬೀಜ ತುಂಬಿಸಿ, ಸೀಲ್ ಮಾಡಿ, ಹೆಮ್ಮೆಯಿಂದ ಶೆಲ್ಫಿನಲ್ಲಿ ಜೋಡಿಸಿದೆ. ಬೆಳಗಾಗೆದ್ದು ನೋಡಿದರೆ ಹತ್ತೂ ಪೂರಿಯ ಹಾಗೆ ಉಬ್ಬಿ ಕೂತಿವೆ! ಎರಡು ಬಾಯಿಬಿಟ್ಟಿದ್ದವು. ಕೆಟ್ಟೇ ಹೋಯಿತು ಅಂತ ಅಳು ಬಂತು. ಆಮೇಲೆ ತಿಳಿಯಿತು, ಹೊಸದಾಗಿ ಹುರಿದ ಬೀಜ ದಿನಗಟ್ಟಲೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾ ಇರುತ್ತದೆ. ಅದಕ್ಕೇ ಗಾಳಿ ಹೊರಗೆ ಹೋಗಲು ಮಾತ್ರ ದಾರಿ ಇರುವ ವಾಲ್ವಿನ ಪ್ಯಾಕೆಟ್ ಬೇಕು. ಉಬ್ಬುವುದು ಹೊಸತನದ ಲಕ್ಷಣ ಎಂದು ಭಾವನಿಗೆ ವಿವರಿಸಿದೆ. ಅವರು ಒಂದು ಉಬ್ಬಿದ್ದನ್ನೇ ಆರಿಸಿಕೊಂಡು ಹೋದರು. ದುಡ್ಡು ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಚಿಕೋರಿ ಬಗ್ಗೆ ಒಂದು ಮಾತು. ಈಗಿನ ಹುಡುಗರು ಚಿಕೋರಿ ಅಂದರೆ ಕಲಬೆರಕೆ ಅನ್ನುವ ಹಾಗೆ ಮುಖ ಸಿಂಡರಿಸುತ್ತಾರೆ. ಅದೂ ಒಂದು ಗೆಡ್ಡೆ, ಅದನ್ನೂ ಹುರಿದೇ ಬೀಸುವುದು. ಎಷ್ಟು ಹಾಕಿದೆ ಎಂದು ಪ್ಯಾಕೆಟ್ ಮೇಲೆ ಬರೆದರಾಯಿತು. ನೂರಕ್ಕೆ 49ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. 80ಕ್ಕೆ 20 ಬೆರೆಸಿದ ಡಿಕಾಕ್ಷನ್ ಹಾಲಿನ ಮುಂದೆ ಮಂಕಾಗದೆ ನಿಲ್ಲುತ್ತದೆ. ನಮ್ಮತ್ತೆ ಅದನ್ನು ಕುಡಿದು "ಪರ್ವಾಗಿಲ್ಲ" ಅಂದಿದ್ದಾರೆ. ಅವರು ಇನ್ಯಾವುದಕ್ಕೂ ಅಷ್ಟು ಅಂದಿದ್ದು ನನಗೆ ನೆನಪಿಲ್ಲ.

ಈಗ ರೇಟು ಹೇಳುತ್ತೇನೆ. ಆದರೆ ಹೇಳುವಾಗ ಗಿರಾಕಿಯ ಮುಖ ನೋಡುವುದಿಲ್ಲ, ತಕ್ಕಡಿ ನೋಡುತ್ತೇನೆ.

ಹೋದ ವಾರ ಎದುರುಮನೆ ಆಂಟಿ ಲೋಟ ಹಿಡಿದು ಬಂದರು. "ಪುಡಿ ಮುಗಿದೋಯ್ತು ಕಣೇ, ನೆಂಟರು ಬಂದಿದ್ದಾರೆ. ನಾಳೆ ವಾಪಸ್ ಕೊಡ್ತೀನಿ." ಮಾರುವವಳ ಹತ್ತಿರ ಸಾಲವೇ? ಆದರೆ ಬೆಂಕಿ ಆರಿಸಲು ಬಕೆಟ್ ತಂದವರ ಹತ್ತಿರ ಬಿಲ್ಲಿನ ಮಾತು ಹೇಗೆ ಆಡುವುದು? ಅವತ್ತೇ ಬೀಸಿದ್ದನ್ನು ಲೋಟ ತುಂಬಾ ಕೊಟ್ಟೆ.

ಮಾರನೇ ದಿನ ಮಾತು ತಪ್ಪದೆ ತಂದುಕೊಟ್ಟರು, ಯಾವುದೋ ಅಂಗಡಿಯ ಪುಡಿ, ಅಷ್ಟೇ ಅಳತೆ. ಚೆಲ್ಲಲು ಮನಸ್ಸು ಬರದೆ ನಮ್ಮ ಡಬ್ಬಿಗೇ ಸುರಿದೆ. ಬೆಳಿಗ್ಗೆ ನಮ್ಮವರು ಒಂದು ಗುಟುಕು ಕುಡಿದು ತಲೆಯೆತ್ತಿದರು.

"ಇವತ್ತು ತುಂಬಾ ಚೆನ್ನಾಗಿದೆ. ಬೀಜ ಬದಲಾಯಿಸಿದ್ಯಾ?"