ಸತ್ಯಾಂಶ: ನಗರದ ನಡುಭಾಗದ ಕೆಲಸಗಳೆಲ್ಲ ಹೊರಗೆ ಹೋದವೇ?

‘ದೊಡ್ಡ ನಗರಗಳ ನಡುಭಾಗದ ಕಥೆ ಮುಗಿಯಿತು. ಕೆಲಸಗಳೆಲ್ಲ ಹೊರವಲಯಕ್ಕೆ ಹೋದವು, ಇನ್ನು ವಾಪಸ್ ಬರುವುದಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಹೊರಗೆ ಹೋದದ್ದು ಮುಖ್ಯವಾಗಿ ಜಾಗ ಜಾಸ್ತಿ ಬೇಡುವ ಕೆಲಸ. ಹಿಂದೆ ಕಾರ್ಖಾನೆಗಳು ರೈಲು ನಿಲ್ದಾಣ, ಬಂದರುಗಳ ಹತ್ತಿರವೇ ಇರಬೇಕಿತ್ತು. ಲಾರಿಗಳು ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುವ ಯಂತ್ರಗಳಿಗೆ ಅಗ್ಗದ, ವಿಶಾಲವಾದ ಜಾಗ ಬೇಕಾಯಿತು. ಗೋದಾಮುಗಳೂ ಹೆದ್ದಾರಿ ಬದಿಗೆ ಸರಿದವು.

ಲಂಡನ್ ನೋಡಿ. ದೊಡ್ಡ ಕಂಟೇನರ್ ಹಡಗುಗಳು ನಗರದೊಳಗಿನ ಹಳೆಯ ಹಡಗುಕಟ್ಟೆಗಳಿಗೆ ಬರಲಾಗಲಿಲ್ಲ. ಸರಕು ಸಮುದ್ರಕ್ಕೆ ಹತ್ತಿರವಿರುವ ಟಿಲ್ಬರಿಯಂಥ ಕಡೆಗೆ ಹೋಯಿತು. ಆ ಹಳೆಯ ಹಡಗುಕಟ್ಟೆಗಳಲ್ಲೊಂದಾದ ವೆಸ್ಟ್ ಇಂಡಿಯಾ ಡಾಕ್ಸ್ 1980ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ 1991ರ ಹೊತ್ತಿಗೆ ಕ್ಯಾನರಿ ವಾರ್ಫ್‌ನ ಎತ್ತರದ ಕಚೇರಿ ಗೋಪುರ ಎದ್ದಿತು, ಬ್ಯಾಂಕುಗಳು ಬಂದವು. ಕೆಲಸ ವಾಪಸ್ ಬಂತು, ಅಲ್ವಾ? ಬಂದದ್ದು ಬೇರೆ ಕೆಲಸ. ಸರಕು ಇಳಿಸುತ್ತಿದ್ದವರಿಗೆ ಬ್ಯಾಂಕಿನ ಮೇಜು ಸುಲಭವಾಗಿ ಸಿಗುವಂಥದ್ದಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದೇ. ‘ಒಟ್ಟು ಎಷ್ಟು ಕೆಲಸ’ ಎಂಬ ಲೆಕ್ಕದಲ್ಲಿ ಇದು ಕಾಣುವುದೇ ಇಲ್ಲ.

ಹೊರಗೆ ಹೋದ ಕಚೇರಿಗಳೂ ಸುಮ್ನೆ ಚದುರುವುದಿಲ್ಲ. ಅವು ಮತ್ತೆ ಗುಂಪು ಕಟ್ಟುತ್ತವೆ. ಪ್ಯಾರಿಸ್ ಅಂಚಿನ ಲಾ ದೆಫಾನ್ಸ್ ಅನ್ನು ಕಚೇರಿಗಳಿಗಾಗಿ ಬೆಳೆಸಲು 1958ರಲ್ಲೇ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಆದರೂ ಹಳೆಯ ಪ್ಯಾರಿಸ್‌ನ ನಡುಭಾಗದಲ್ಲಿ ಇಂದಿಗೂ ಕಚೇರಿಗಳು ತುಂಬಿವೆ. ವಕೀಲರು, ಹಣಕಾಸಿನವರು ಮುಖಾಮುಖಿ ಕೂತು ಮಾತಾಡಬೇಕು. ಅದಕ್ಕೆ ನಾಲ್ಕೂ ದಿಕ್ಕಿನ ರೈಲು ಬಂದು ಸೇರುವ ಜಾಗವೇ ಅನುಕೂಲ.